ಅಮ್ಮ ಬೈಯದ ಹುಡುಗಿ

ಆ ಹುಡುಗಿ ನಮ್ಮ ಮನೆಗೆ ಬಂದ ದಿನ ನಾನು ಶಾಲೆಯಿಂದ ಬಂದು ನೋಡಿದರೆ ನನ್ನ ಮಂಚದ ಮೇಲೆ ಅಮ್ಮನ ನೀಲಿ ಹೂವಿನ ಹೊದಿಕೆ ಹಾಸಿತ್ತು. ಅಮ್ಮ ಅದನ್ನು ತವರಿನಿಂದ ತಂದಿದ್ದಳು. ಊರಿನಿಂದ ಯಾರಾದರೂ ಹಿರಿಯರು ಬಂದರೆ ಮಾತ್ರ ಅದು ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು. ನಾನು ಒಮ್ಮೆಯೂ ಅದನ್ನು ಹೊದ್ದವಳಲ್ಲ. ಈಗ ಅದರ ತುದಿಯಲ್ಲಿ, ಸುಕ್ಕಾದೀತು ಎಂಬ ಹೆದರಿಕೆಯಿಂದ, ಇಪ್ಪತ್ತರ ಒಳಗಿನ ಒಬ್ಬ ಹುಡುಗಿ ಕೂತಿದ್ದಳು. ಕಾಲ ಬಳಿ ತಗಡಿನ ಟ್ರಂಕು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಇವಳು ಸ್ವಲ್ಪ ದಿನ ಇಲ್ಲೇ ಇರ್ತಾಳೆ. ನೀನು ಕೆಳಗೆ ಚಾಪೆ ಹಾಸ್ಕೊ," ಎಂದಳು ಅಮ್ಮ.

"ಎಂದಿನಾ?" ಎಂದೆ ನಾನು. ಯಾಕೆ ಎಂದು ಕೇಳಿದ್ದು, ಮಲಯಾಳದಲ್ಲಿ. ಅಮ್ಮ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿದ್ದಳು, ನಾನು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದೆ. ನಮ್ಮ ಮನೆಯಲ್ಲಿ ಅದು ಬಹಳ ವರ್ಷಗಳ ರೂಢಿ. ಅಮ್ಮ ಒಳಗೆ ಹೋಗಿ ಕಾಫಿ ಮಾಡಿ ತಂದಳು. ಮೊದಲ ಲೋಟ ಅವಳಿಗೆ.

ನನಗೆ ಆಗ ಹದಿಮೂರು ವರ್ಷ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ತಿರುವನಂತಪುರದ ಪಟ್ಟಂನಲ್ಲಿ ಒಂದು ಬಾಡಿಗೆ ಮನೆಯಲ್ಲಿ ನಾವು ಮೂವರು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಅಮ್ಮ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಸಿಸ್ಟರ್. ನರ್ಸಿಂಗ್ ಕಲಿಯಲು ಬಂದ ಹುಡುಗಿಯರನ್ನು ತಿದ್ದುವವಳೂ ಅವಳೇ, ಯಾರಿಗೆ ಯಾವ ವಾರ್ಡು, ಯಾವ ಪಾಳಿ ಎಂದು ನಿರ್ಧರಿಸುವವಳೂ ಅವಳೇ. ಅಪ್ಪ ಅಮ್ಮ ಇಬ್ಬರೂ ಉಡುಪಿ ಕಡೆಯವರು. ಇಲ್ಲಿಗೆ ಬರುವ ಮೊದಲು ನಾನು ಬೆಳೆದದ್ದು ಮಾತ್ರ ಕೊಚ್ಚಿಯಲ್ಲಿ, ವೈಟ್ಟಿಲದ ಬಳಿ. ಅರವತ್ತರ ದಶಕದಲ್ಲಿ ಅದು ಪೇಟೆಯೇ ಅಲ್ಲ. ಗದ್ದೆ, ತೋಡು, ಕೈ ತೋರಿಸಿದಲ್ಲಿ ನಿಲ್ಲುವ ಬಸ್ಸು. ಅಮ್ಮ ಎರ್ನಾಕುಲದ ಆಸ್ಪತ್ರೆಗೆ ಹೋದರೆ ನನ್ನನ್ನು ನೋಡಿಕೊಳ್ಳುತ್ತಿದ್ದದ್ದು ಪಕ್ಕದ ಮನೆಯ ಅಜ್ಜಿ. ಅವರ ಭಾಷೆಯೇ ನನ್ನ ಭಾಷೆಯಾಯಿತು.

ಅಮ್ಮ ನನಗೆ ಪೂರ್ತಿಯಾಗಿ ಸಿಕ್ಕಿದ್ದಳು ಎಂದು ಯಾವತ್ತೂ ಅನ್ನಿಸಿದ್ದಿಲ್ಲ. ಕೊಚ್ಚಿಯಲ್ಲಿರುವಾಗಲೇ ನನಗೆ ಅವಳ ರೋಗಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಯಾರೋ ಹೆಂಗಸಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲವಂತೆ ಎಂದು ಗಂಜಿಯ ತಿಳಿಯನ್ನು ಬಾಟಲಿಗೆ ತುಂಬಿಕೊಂಡು ಹೋಗುವಳು. ನನಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡಿ, "ಇದೆಲ್ಲ ಒಂದು ಜ್ವರವಾ ಮಾರಾಯ್ತಿ, ಏಳು" ಎನ್ನುವಳು. ಬೇರೆಯವರ ಮೈಯ ಬಿಸಿಗೆ ಇದ್ದ ಬೆಲೆ ನನ್ನ ಮೈಯ ಬಿಸಿಗೆ ಇರಲಿಲ್ಲ.

ಆ ಹುಡುಗಿ ಬರುವ ಹಿಂದಿನ ವಾರ ಇನ್ನೊಂದು ಸಂಗತಿ ನಡೆದಿತ್ತು. ಅಮ್ಮನ ಡ್ಯೂಟಿಯ ಬಿಳಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. ಇದ್ದಿಲಿನ ಇಸ್ತ್ರಿಪೆಟ್ಟಿಗೆ. ರಸ್ತೆಯಲ್ಲಿ ಯಾರೋ ಕೂಗಿದರು ಎಂದು ಕಿಟಕಿಯ ಕಡೆ ತಿರುಗಿದೆ, ಅಷ್ಟರಲ್ಲಿ ಸೆರಗಿನ ಹತ್ತಿರ ಕಂದು ಬಣ್ಣದ ಕಲೆ. ಹೆದರಿ, ಸುಟ್ಟ ಭಾಗ ಒಳಗೆ ಹೋಗುವ ಹಾಗೆ ಮಡಚಿಟ್ಟೆ. ಬೆಳಿಗ್ಗೆ ಹೊರಡುವ ಅವಸರದಲ್ಲಿ ಅಮ್ಮ ಅದನ್ನು ಬಿಡಿಸಿದಳು.

"ಕಣ್ಣೆಲ್ಲಿತ್ತು ನಿಂಗೆ? ಒಂದು ಕೆಲಸ ನೆಟ್ಟಗೆ ಮಾಡ್ಲಿಕ್ಕೆ ಆಗುದಿಲ್ವಾ? ಮೇಲಿಂದ ಅಡಗಿಸಿ ಬೇರೆ ಇಡ್ತಿ!"

ಬೆನ್ನಿಗೆ ಎರಡು ಬಿತ್ತು. ಅದು ಸಾಲದೆಂಬಂತೆ ಮಾತೂ ಬಿಟ್ಟಳು. ಆ ಮೌನ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಅಷ್ಟರಲ್ಲಿ ಈ ಹುಡುಗಿ ಬಂದು ನನ್ನ ಮಂಚದ ಮೇಲೆ ಕೂತಿದ್ದಳು.

"ಅವಳು ಮಾಡಿದ್ದು ಏನು?" ಎಂದು ಅಪ್ಪನನ್ನು ಜಗಲಿಯಲ್ಲಿ ಹಿಡಿದು ಕೇಳಿದೆ. ಅಪ್ಪ ಒಳಗೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

"ಇನ್ಸುಲಿನ್ ಸೂಜಿ ಹೆಚ್ಚು ಕೊಟ್ಟಳಂತೆ. ಸಕ್ಕರೆ ಕಾಯಿಲೆಯ ಒಬ್ಬರು ಅಜ್ಜಿ. ಸಾಯ್ಲಿಕ್ಕಿತ್ತು, ಹೇಗೋ ಉಳಿದರು."

ಆಮೇಲೆ ಅದರ ವಿವರ ಸ್ವಲ್ಪ ಸ್ವಲ್ಪವಾಗಿ ನನ್ನ ಕಿವಿಗೆ ಬಿತ್ತು. ಆಗ ಇನ್ಸುಲಿನ್ ಎರಡು ಬಗೆಯದು ಬರುತ್ತಿತ್ತು, ಒಂದಕ್ಕಿಂತ ಇನ್ನೊಂದು ಎರಡು ಪಾಲು ಗಟ್ಟಿ. ಸೀಸೆಗಳು ನೋಡಲು ಅಕ್ಕತಂಗಿಯರಂತೆ. ಸಿರಿಂಜಿನ ಮೇಲೆ ಎರಡು ಕಡೆ ಎರಡು ಅಳತೆಯ ಗೆರೆಗಳು, ಈ ಸೀಸೆಗೆ ಈ ಬದಿ, ಆ ಸೀಸೆಗೆ ಆ ಬದಿ. ವಾರ್ಡಿನಲ್ಲಿ ಎರಡು ಸೀಸೆಗಳನ್ನೂ ಒಂದೇ ತಟ್ಟೆಯಲ್ಲಿ ಇಡುತ್ತಿದ್ದರು. ಆ ಹುಡುಗಿ ಗಟ್ಟಿ ಮದ್ದಿನ ಸೀಸೆ ತೆಗೆದು ಇನ್ನೊಂದರ ಅಳತೆಯಲ್ಲಿ ಎಳೆದಿದ್ದಳು. ಸೂಜಿ ಕೊಟ್ಟು ಸ್ವಲ್ಪ ಹೊತ್ತಿನಲ್ಲಿ ಮುದುಕಿ ಬೆವೆತು, ಏನೇನೋ ಬಡಬಡಿಸತೊಡಗಿದರು. ಹುಡುಗಿ ತಟ್ಟೆಯನ್ನು ಇನ್ನೊಮ್ಮೆ ನೋಡಿದಳು. ನೋಡಿ ಸುಮ್ಮನಿರದೆ ಓಡಿ ಹೋಗಿ ಡಾಕ್ಟರಿಗೆ, "ನನಗೆ ಸೀಸೆ ತಪ್ಪಿಹೋಯಿತು" ಎಂದು ಹೇಳಿಬಿಟ್ಟಳು. ಕೂಡಲೇ ಗ್ಲೂಕೋಸ್ ಏರಿಸಿದರು. ಮುದುಕಿಗೆ ಪ್ರಜ್ಞೆ ಮರಳಿತು.

ಆಸ್ಪತ್ರೆಯವರು ವಿಚಾರಣೆ ಮುಗಿಯುವ ತನಕ ಅವಳು ಹಾಸ್ಟೆಲಿನಲ್ಲಿ ಇರಕೂಡದು ಎಂದರು. ಅವಳಿಗೆ ತಾಯಿ ಇರಲಿಲ್ಲ. ಕೋಟ್ಟಯಂ ಕಡೆಯ ಹಳ್ಳಿಯಲ್ಲಿದ್ದ ಅಣ್ಣನಿಗೆ ಸುದ್ದಿ ಹೋದರೆ ಓದು ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಿ ಅಮ್ಮ ಅವಳನ್ನು ಟ್ರಂಕಿನ ಸಮೇತ ನಮ್ಮ ಮನೆಗೆ ಕರೆತಂದಿದ್ದಳು.

ನನ್ನ ಲೆಕ್ಕ ಸರಳವಾಗಿತ್ತು. ನಾನು ಸುಟ್ಟದ್ದು ಒಂದು ಸೀರೆ, ನನಗೆ ಚಾಪೆ. ಅವಳು ಕೊಲ್ಲಲು ಹೊರಟದ್ದು ಒಂದು ಮನುಷ್ಯಜೀವ, ಅವಳಿಗೆ ನೀಲಿ ಹೂವಿನ ಹೊದಿಕೆ.

ಅವಳು ನನ್ನನ್ನು "ಮೋಳೇ" ಎಂದು ಕರೆದಳು, ಮಗಳೇ ಎಂದ ಹಾಗೆ. ನಾನು ಅವಳನ್ನು ಚೇಚಿ, ಅಕ್ಕ, ಎನ್ನಬೇಕಿತ್ತು. ಏನೂ ಎನ್ನಲಿಲ್ಲ. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದೆ. ಅವಳು ಅದಕ್ಕೂ ಬೇಸರಿಸದೆ ನನ್ನ ಚಾಪೆಯನ್ನು ಬೆಳಿಗ್ಗೆ ತಾನೇ ಸುತ್ತಿಡುವಳು. ಅದರಿಂದ ನನಗೆ ಇನ್ನಷ್ಟು ಉರಿಯಿತು. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಿತ್ತು.

ಮೊದಲ ಎರಡು ದಿನ ಅವಳು ಉಣ್ಣಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು, ಮೀನಿನ ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ, "ಒಂದು ತುತ್ತು, ಇದೊಂದೇ" ಎಂದು ಉಣ್ಣಿಸಿದಳು. ನನಗೆ ಬುದ್ಧಿ ಬಂದ ಮೇಲೆ ಅಮ್ಮ ನನಗೆ ಮುಳ್ಳು ಬಿಡಿಸಿ ಕೊಟ್ಟದ್ದು ನೆನಪಿಲ್ಲ. ಅಪ್ಪನೂ ಅದನ್ನು ನೋಡಿದರು. ಅವರ ಮಧ್ಯಾಹ್ನದ ಬುತ್ತಿಗೂ ಆ ಎರಡು ದಿನ ಬರೀ ಮೊಸರನ್ನ ಬರುತ್ತಿತ್ತು. ನಮ್ಮಿಬ್ಬರ ಕಣ್ಣು ಒಮ್ಮೆ ಕೂಡಿತು. ಅಪ್ಪ ತಲೆ ತಗ್ಗಿಸಿ ನಕ್ಕರು.

ಮೂರನೆಯ ದಿನ ಅವಳು ಕನ್ನಡ ಕಲಿಯತೊಡಗಿದಳು. ಅದನ್ನು ಮಾತ್ರ ನನಗೆ ತಡೆದುಕೊಳ್ಳಲಾಗಲಿಲ್ಲ. ಅಡುಗೆಮನೆಯಲ್ಲಿ ಅಮ್ಮನ ಹಿಂದೆ ಹಿಂದೆ ತಿರುಗುತ್ತ ಒಂದೊಂದೇ ಪಾತ್ರೆ ಎತ್ತಿ ಹಿಡಿದು, ಇದಕ್ಕೆ ಏನು, ಅದಕ್ಕೆ ಏನು ಎಂದು ಕೇಳುವಳು. ಸೌಟು, ಮಣೆ, ಕಾಯಿ ತುರಿಯುವ ಹೆರೆಮಣೆ. ರಾತ್ರಿ ಊಟಕ್ಕೆ ಕೂತಾಗ ಬಾಯಲ್ಲಿ ಜೋಡಿಸಿಕೊಂಡು, ಮೆಲ್ಲಗೆ, "ಅಮ್ಮಾ, ಸ್ವಲ್ಪ ಸಾರು ಬಡಿಸ್ತೀರಾ?" ಎಂದಳು. ಅವಳ ಪಾಲಿಗೆ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವಳು ನಮ್ಮ ಮನೆಯಲ್ಲಿ ಅಮ್ಮ ಆಗಿಬಿಟ್ಟಿದ್ದಳು. ನನ್ನ ಅಮ್ಮ ಸೌಟು ಹಿಡಿದೇ ನಕ್ಕಳು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಕೇಳಿದ್ರಾ," ಎಂದಳು ಅಪ್ಪನಿಗೆ, "ನಮ್ಮ ಊರಿನ ಹುಡುಗಿಯ ಹಾಗೇ ಹೇಳಿದಳಲ್ಲ!"

ನನ್ನ ಕಿವಿ ಬಿಸಿಯಾಯಿತು. ತಟ್ಟೆ ಮುಂದೆ ನೂಕಿ ಹೇಳಿದೆ: "ನಂಗೂ ಸಾರು."

ಎಷ್ಟೋ ವರ್ಷಗಳ ಮೇಲೆ ನನ್ನ ಬಾಯಿಂದ ಬಂದ ಕನ್ನಡ ಅದು. ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ಅಮ್ಮನಿಗೆ ಅದು ಗೊತ್ತೇ ಆಗಲಿಲ್ಲ. "ಸೌಟು ಅಲ್ಲೇ ಉಂಟಲ್ಲ, ಬಡಿಸ್ಕೊ," ಎಂದಳು.

ಅಂದಿನಿಂದ ನಾನು ಹಟ ಹಿಡಿದು ಕನ್ನಡ ಮಾತಾಡಿದೆ. ಅವಳಿಗಿಂತ ಹೆಚ್ಚು, ಅವಳಿಗಿಂತ ಚೆನ್ನಾಗಿ, ಅವಳು ಎದುರಿಗಿದ್ದಾಗ ಇನ್ನೂ ಜೋರಾಗಿ. ನನ್ನ ಭಾಷೆ ನನಗೆ ಮರಳಿದ್ದು ಪ್ರೀತಿಯಿಂದ ಎಂದು ಹೇಳಿಕೊಳ್ಳಲು ನನಗೂ ಆಸೆಯೇ. ಆದರೆ ಅದು ಬಂದದ್ದು ಶುದ್ಧ ಹೊಟ್ಟೆಕಿಚ್ಚಿನಿಂದ.

ಒಂದು ಭಾನುವಾರ ಅಮ್ಮ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಒಳಗೆ ಕಿಟಕಿಯ ಕೆಳಗೆ ಲೆಕ್ಕದ ಪುಸ್ತಕ ತೆರೆದಿಟ್ಟುಕೊಂಡು ಕಿವಿಯನ್ನು ಹೊರಗೆ ಬಿಟ್ಟಿದ್ದೆ.

"ನಾನು ಇನ್ನು ಸೂಜಿ ಮುಟ್ಟುವುದಿಲ್ಲಮ್ಮಾ," ಎಂದಳು ಆ ಹುಡುಗಿ ಮಲಯಾಳದಲ್ಲಿ. "ನನಗೆ ಈ ಕೆಲಸ ಹೇಳಿದ್ದಲ್ಲ."

ಅಮ್ಮ ಸ್ವಲ್ಪ ಹೊತ್ತು ಎಣ್ಣೆ ತಿಕ್ಕಿದಳು. ಆಮೇಲೆ ಅವಳಿಗೆ ತಿಳಿಯುವ ಹಾಗೆ ಮಲಯಾಳದಲ್ಲೇ ಕೊಚ್ಚಿಯ ಒಂದು ಸಂಗತಿ ಹೇಳಿದಳು. ಅಲ್ಲಿಯ ವಾರ್ಡಿನಲ್ಲಿ ಹೊಟ್ಟೆನೋವಿನ ಮಿಕ್ಸ್ಚರ್ ಮತ್ತು ನೆಲ ಒರೆಸುವ ಲೈಸಾಲ್ ಎರಡನ್ನೂ ಒಂದೇ ಬಗೆಯ ಕಂದು ಬಾಟಲಿಗಳಲ್ಲಿ, ಒಂದೇ ಹಲಗೆಯ ಮೇಲೆ ಇಡುತ್ತಿದ್ದರಂತೆ. ಒಬ್ಬ ನರ್ಸ್ ಮಂದ ಬೆಳಕಿನಲ್ಲಿ ಬಾಟಲಿ ತಪ್ಪಿ ರೋಗಿಯ ಬಾಯಿಗೆ ಲೈಸಾಲ್ ಹಾಕಿದಳು. ರೋಗಿಯ ಬಾಯಿ ಸುಟ್ಟಿತು. ಅವಳನ್ನು ಕೆಲಸದಿಂದ ತೆಗೆದರು. ಎಲ್ಲರೂ ಅವಳನ್ನು ಬೈದರು, ಅಮ್ಮನೂ ಬೈದಳು. ಒಂದೆರಡು ತಿಂಗಳು ಕಳೆಯಿತು. ಅವಳ ಜಾಗಕ್ಕೆ ಬಂದವಳು ಬಹಳ ಜಾಣೆ, ಜಾಗ್ರತೆಯವಳು. ಅವಳಿಗೂ ಅದೇ ಬಾಟಲಿ ತಪ್ಪಿತು.

"ಆಗ ನನಗೆ ಗೊತ್ತಾಯಿತು," ಎಂದಳು ಅಮ್ಮ. "ನಾವು ನರ್ಸನ್ನು ಮನೆಗೆ ಕಳಿಸಿದ್ದೆವು. ಬಾಟಲಿ ಹಲಗೆಯ ಮೇಲೆಯೇ ಇತ್ತು. ಆ ದಿನ ನಾನೇ ಹೋಗಿ ಅದನ್ನು ತೆಗೆದು ಹೊರಗಿನ ಕಪಾಟಿನಲ್ಲಿ ಇಟ್ಟೆ. ಮೊದಲ ಹುಡುಗಿ ಹೋಗುವಾಗಲೇ ಇಡಬಹುದಿತ್ತು."

ಒಳ್ಳೆಯ ಮಾತು ಎಂದು ಇವತ್ತು ಅನ್ನಿಸುತ್ತದೆ. ಅವತ್ತು ನನಗೆ ಅನ್ನಿಸಿದ್ದು ಒಂದೇ: ಇದನ್ನು ನನಗೆ ಯಾಕೆ ಹೇಳಲಿಲ್ಲ? ಕೊಚ್ಚಿಯಲ್ಲಿ ಅವಳ ಜೊತೆ ಇದ್ದವಳು ನಾನು. ಸಂಜೆ ಜಗಲಿಯಲ್ಲಿ ಅವಳ ದಾರಿ ಕಾದವಳು ನಾನು. ಅಮ್ಮನ ಬದುಕಿನ ಇಷ್ಟು ದೊಡ್ಡ ಸಂಗತಿ ನನಗೆ ಸಿಕ್ಕಿದ್ದು ಕಿಟಕಿಯ ಸಂದಿನಿಂದ, ಬೇರೆಯವಳಿಗೆ ಎಂದು ತೆಗೆದಿಟ್ಟದ್ದರ ಉಳಿಕೆಯ ಹಾಗೆ.

ವಿಚಾರಣೆಗೆ ಮುಂಚೆ ಅಮ್ಮ ಇನ್ನೊಂದು ಕೆಲಸ ಮಾಡಿದಳು. ಆಸ್ಪತ್ರೆಯಲ್ಲಿ ಯಾರಿಗೂ ಅದು ಬೇಕಿರಲಿಲ್ಲ. ರೋಗಿಯ ಮನೆಯವರಿಗೆ, "ಸಕ್ಕರೆ ಕಾಯಿಲೆಯಲ್ಲಿ ಹೀಗೆ ಆಗುವುದುಂಟು" ಎಂದು ಹೇಳಿ ಮುಗಿಸಿದ್ದರು. ಅಮ್ಮ ಆ ಹುಡುಗಿಯನ್ನು ಕರೆದುಕೊಂಡು ಮುದುಕಿಯ ಹತ್ತಿರ ಹೋದಳು. ಅಂದು ಶನಿವಾರ, ಅಮ್ಮ ಬುತ್ತಿ ಮರೆತಿದ್ದಳೆಂದು ಅಪ್ಪ ನನ್ನ ಕೈಯಲ್ಲಿ ಕೊಟ್ಟು ಕಳಿಸಿದ್ದರು. ವಾರ್ಡಿನ ಬಾಗಿಲ ಬಳಿ ಬುತ್ತಿ ಹಿಡಿದು ನಾನು ಎಲ್ಲವನ್ನೂ ನೋಡಿದೆ.

ಮುದುಕಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ದಿಂಬಿಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಅವರ ಮಗ. ಅಮ್ಮ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹುಡುಗಿ ಅವಳ ಪಕ್ಕದಲ್ಲಿ ನಿಂತಿದ್ದಳು. ಮಗ ಎದ್ದು ನಿಂತ.

"ನಾಚಿಕೆ ಇಲ್ಲವಾ ನಿಮಗೆ? ಕೊಲ್ಲಲು ನೋಡಿ ಈಗ ಕತೆ ಹೇಳಲು ಬಂದಿದ್ದೀರಾ? ಇಂಥ ಮಕ್ಕಳ ಕೈಗೆ ಸೂಜಿ ಕೊಟ್ಟವರು ಯಾರು?"

"ನಾನು," ಎಂದಳು ಅಮ್ಮ.

ಅವನು ಇಡೀ ವಾರ್ಡಿಗೆ ಕೇಳುವ ಹಾಗೆ ಬೈದ. ಅಮ್ಮ ಕೈ ಕಟ್ಟಿ, ಹುಡುಗಿಯ ಮುಂದೆ ಅರ್ಧ ಅಡ್ಡ ನಿಂತು, ಎಲ್ಲವನ್ನೂ ಕೇಳಿಸಿಕೊಂಡಳು. ನನ್ನ ಅಮ್ಮ ಹಾಗೆ ನಿಂತದ್ದನ್ನು ನಾನು ಕಂಡದ್ದೇ ಇಲ್ಲ. ನನ್ನ ಶಾಲೆಯಲ್ಲಿ ಟೀಚರು ದೂರು ಹೇಳಿದರೆ, "ಇನ್ನೆರಡು ಕೊಡಿ ಟೀಚರ್" ಎಂದು ಬರುವವಳು ಅವಳು. ಬುತ್ತಿಯ ಹಿಡಿ ಕೈಗೆ ಒತ್ತಿ ನೋಯುತ್ತಿತ್ತು. ಆ ಮನುಷ್ಯನ ಮೇಲೆ ಬರಬೇಕಾದ ಸಿಟ್ಟು ನನಗೆ ಆ ಹುಡುಗಿಯ ಮೇಲೆ ಬಂತು.

ಕೊನೆಗೆ ಮುದುಕಿ ಮಗನಿಗೆ ಕೈ ಅಡ್ಡ ಹಿಡಿದರು. ಹುಡುಗಿಯನ್ನು ಕೇಳಿದರು: "ನೀನಾಗಿ ಬಂದೆಯಾ, ಇವರು ಎಳೆದುಕೊಂಡು ಬಂದರಾ?"

"ಸಿಸ್ಟರ್ ಕರೆದುಕೊಂಡು ಬಂದದ್ದು," ಎಂದಳು ಅವಳು. "ನನಗೆ ಹೆದರಿಕೆಯಾಗಿತ್ತು."

"ಡಾಕ್ಟರಿಗೆ ಹೇಳಿದ್ದು?"

"ಅದು ನಾನೇ."

ಮುದುಕಿ ಅವಳ ಮುಖವನ್ನೇ ನೋಡಿದರು. "ಸರಿ. ನನಗೆ ಸೂಜಿ ನೀನು ಕೊಡಬೇಡ. ನನಗೂ ಹೆದರಿಕೆ ಇದೆ. ಹೋಗು, ಊಟ ಮಾಡು, ಕಡ್ಡಿಯ ಹಾಗೆ ಆಗಿದ್ದೀಯ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಮಗನಂತೂ ನಾವು ಹೊರಗೆ ಬರುವ ತನಕ ಗೊಣಗುತ್ತಲೇ ಇದ್ದ.

ವಿಚಾರಣೆ ಮುಂದಿನ ವಾರ ನಡೆಯಿತು. ಅಲ್ಲಿ ಹೇಳಿದ್ದನ್ನು ಅಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದಳು, ಚಪ್ಪಲಿ ಕೂಡ ಬಿಚ್ಚದೆ.

"ಕೇಳಿದ್ರಾ, ಅವರಿಗೆ ಒಂದು ಹೆಸರು ಬೇಕಿತ್ತು ಅಷ್ಟೆ. ನಾನು ಹೇಳಿದೆ, ರಾತ್ರಿ ಪಾಳಿ ಮುಗಿಸಿದವಳನ್ನು ಬೆಳಿಗ್ಗೆಗೂ ನಿಲ್ಲಿಸಿದ್ದು ನಾನು. ಇನ್ನೊಬ್ಬಳು ಮದುವೆಗೆ ಹೋಗಿದ್ದಳು, ಜನ ಇರ್ಲಿಲ್ಲ. ಎರಡು ಸೀಸೆ ಒಂದೇ ತಟ್ಟೆಯಲ್ಲಿಟ್ಟದ್ದು ಅವಳಲ್ಲ, ನಾವೆಲ್ಲ. ಅವಳನ್ನು ಕಳಿಸಿದ್ರೆ ತಟ್ಟೆ ಅಲ್ಲೇ ಇರ್ತದೆ, ನಾಳೆ ಇನ್ನೊಬ್ಬಳು ಬರ್ತಾಳೆ ಅಂತ."

"ಅಂದ್ರೆ ನಿನ್ನ ತಲೆ ನೀನೇ ಕೊಟ್ಟು ಬಂದೆ," ಎಂದರು ಅಪ್ಪ.

"ಹೌದು. ಎಂತ ಮಾಡುದು, ಇದ್ದದ್ದನ್ನು ಹೇಳ್ಬೇಕಲ್ಲ."

ಹುಡುಗಿಯನ್ನು ತೆಗೆಯಲಿಲ್ಲ. ಕಲಿಕೆಯ ಅವಧಿ ಕೆಲವು ತಿಂಗಳು ಮುಂದೆ ಹೋಯಿತು ಅಷ್ಟೆ. ಎರಡು ಸೀಸೆಗಳಿಗೆ ಬೇರೆ ಬೇರೆ ಕಪಾಟು ಆಯಿತು, ಸೂಜಿ ಕೊಡುವ ಮೊದಲು ಇನ್ನೊಬ್ಬ ನರ್ಸ್ ಸೀಸೆ ನೋಡಬೇಕೆಂದಾಯಿತು. ಆ ವರ್ಷ ಅಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಆ ಜಾಗ ಅಮ್ಮನಿಗಿಂತ ಚಿಕ್ಕವರೊಬ್ಬರಿಗೆ ಹೋಯಿತು.

ಹುಡುಗಿ ಹಾಸ್ಟೆಲಿಗೆ ಮರಳಿದ ಸಂಜೆ ನನ್ನ ಮಂಚ ನನಗೆ ಸಿಕ್ಕಿತು. ನೀಲಿ ಹೊದಿಕೆ ಒಗೆದು ಪೆಟ್ಟಿಗೆಗೆ ಹೋಯಿತು. ಅಮ್ಮ ಹಿತ್ತಲಲ್ಲಿ ಮತ್ತಿಮೀನು ಸ್ವಚ್ಛ ಮಾಡುತ್ತ ಕೂತಿದ್ದಳು. ಎದುರು ಹೋಗಿ ನಿಂತು ಕೇಳಿದೆ, ಕನ್ನಡದಲ್ಲೇ.

"ಅವಳಿಗೆ ಯಾಕೆ ಬೈಲಿಲ್ಲ?"

ಅಮ್ಮ ತಲೆ ಎತ್ತಲಿಲ್ಲ. "ಬೈದ್ರೆ ಇನ್ನೊಮ್ಮೆ ತಪ್ಪಾದಾಗ ಹೇಳ್ಲಿಕ್ಕಿಲ್ಲ, ಅಡಗಿಸ್ತಾಳೆ. ಅವಳು ಅಡಗಿಸಿದ್ರೆ ಒಂದು ಜೀವ ಹೋಗ್ತದೆ."

"ನಾನೂ ಸೀರೆ ಅಡಗಿಸಿದೆ. ನೀನು ಬೈತಿ ಅಂತಲೇ ಅಡಗಿಸಿದ್ದು."

ಕತ್ತಿಯ ಮೇಲಿದ್ದ ಅವಳ ಕೈ ನಿಂತಿತು. ಕಾಗೆಯೊಂದು ಹತ್ತಿರ ಬಂದು ಮೀನಿನ ತಲೆ ಕಚ್ಚಿಕೊಂಡು ಹೋದರೂ ಅವಳು ಓಡಿಸಲಿಲ್ಲ.

"ಮನೆಗೆ ಬರುವಾಗ ನನ್ನಲ್ಲಿ ಏನೂ ಉಳಿದಿರುದಿಲ್ಲ ಮಗಾ," ಎಂದಳು ಕೊನೆಗೆ. "ಇದ್ದ ತಾಳ್ಮೆಯೆಲ್ಲ ಅಲ್ಲೇ ಮುಗಿದಿರ್ತದೆ. ಅದು ಸರಿಯಲ್ಲ. ಆದ್ರೆ ಹಾಗೆ ಉಂಟು."

ಅವಳು ಅಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ನನ್ನ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಹಾಗಾದರೆ ನನಗೆ ಸಿಗುವುದು ಅಡಿಯಲ್ಲಿ ಉಳಿದ ಗಸಿ ಮಾತ್ರ ಎಂದು ಮನಸ್ಸು ಇನ್ನಷ್ಟು ಕಹಿಯಾಯಿತು. ಅಮ್ಮ ಬದಲಾದಳು ಎಂದೂ ಹೇಳಲಾರೆ. ಮರುದಿನವೇ ಹಾಲು ಉಕ್ಕಿಸಿದ್ದಕ್ಕೆ ಬೈಸಿಕೊಂಡೆ.

ಎರಡು ವರ್ಷ ಕಳೆದು ಆ ಹುಡುಗಿ ಕಲಿಕೆ ಮುಗಿಸಿದಳು. ದಿಲ್ಲಿಯ ಕಡೆ ಕೆಲಸ ಸಿಕ್ಕಿತು. ಅವಳನ್ನು ರೈಲು ಹತ್ತಿಸಲು ಅಮ್ಮ ತಂಪಾನೂರಿನ ಸ್ಟೇಷನ್ನಿಗೆ ಹೊರಟಳು, ನನ್ನನ್ನೂ ಎಳೆದುಕೊಂಡು ಹೋದಳು. ಪ್ಲಾಟ್‌ಫಾರಂ ತುಂಬ ಉತ್ತರಕ್ಕೆ ಹೊರಟ ಹುಡುಗಿಯರು, ಅಳುವ ತಾಯಂದಿರು, ಬಾಳೆಕಾಯಿ ಚಿಪ್ಸಿನ ಪೊಟ್ಟಣಗಳು. ಅಮ್ಮ ಕೂಜದಲ್ಲಿ ಕುಡಿಯುವ ನೀರು ತರಲು ನಲ್ಲಿಯ ಕಡೆ ಹೋದಾಗ ಅವಳು ಕಿಟಕಿಯಿಂದ ನನ್ನ ಕೈ ಹಿಡಿದಳು. ಕನ್ನಡದಲ್ಲೇ ಮಾತಾಡಿದಳು, ಅಮ್ಮನ ಉಡುಪಿಯ ರಾಗ ತಪ್ಪದೆ.

"ನಿಂಗೆ ನನ್ನ ಮೇಲೆ ಸಿಟ್ಟು. ನಂಗೆ ಗೊತ್ತುಂಟು."

ನಾನು ಇಲ್ಲವೆನ್ನಲಿಲ್ಲ.

"ನಂಗೂ ನಿನ್ನ ಮೇಲೆ ಹೊಟ್ಟೆಕಿಚ್ಚು ಇತ್ತು," ಎಂದಳು. "ಅಮ್ಮ ನಿಂಗೆ ಬೈತಿದ್ರು. ನಂಗೆ ಒಮ್ಮೆ ಕೂಡ ಬೈಲಿಲ್ಲ. ರೋಗಿ ಹತ್ರ ಮಾತಾಡಿದ ಹಾಗೆ ನನ್ನ ಹತ್ರ ಮಾತಾಡುದು. ಒಂದು ಸರ್ತಿ ಬೈದಿದ್ರೆ, ನಾನೂ ನಿಮ್ಮ ಮನೆಯವಳು ಅಂತ ಅನ್ನಿಸ್ತಿತ್ತು."

ಅಷ್ಟರಲ್ಲಿ ಅಮ್ಮ ನೀರು ತಂದಳು. ರೈಲು ಹೊರಟಿತು. ಅಮ್ಮ ಪಕ್ಕದಲ್ಲೇ ನಡೆಯುತ್ತ, ಊಟ ಬಿಡಬೇಡ, ಉಣ್ಣೆಯ ಬಟ್ಟೆ ತಗೋ, ಪತ್ರ ಬರಿ ಎನ್ನುತ್ತ ಪ್ಲಾಟ್‌ಫಾರಂ ಮುಗಿಯುವ ತನಕ ಹೋದಳು. ಅತ್ತಳು. ನಾನು ಅದನ್ನು ದೂರದಿಂದ ನೋಡಿದೆ. ಆ ಹುಡುಗಿ ಹೇಳಿದ್ದು ಅರ್ಥವಾಗಿತ್ತು, ಆದರೂ ಅಮ್ಮನ ಆ ಕಣ್ಣೀರು ನನ್ನದಲ್ಲವಲ್ಲ ಎಂದು ಎದೆಯಲ್ಲಿ ಚುಚ್ಚಿತು.

ಹಿಂದೆ ಬರುವಾಗ ಪಟ್ಟಂ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರೋ ಇಳಿದು ಒಂದು ಸೀಟು ಖಾಲಿಯಾಯಿತು. ಅಮ್ಮ ಕೂರಲಿಲ್ಲ. ನನ್ನ ಭುಜ ಹಿಡಿದು ಒತ್ತಿ ಕೂರಿಸಿ, ಮೇಲಿನ ಕಂಬಿ ಹಿಡಿದು ನಿಂತಳು. ಅವಳ ಸೆರಗು ನನ್ನ ಮುಖಕ್ಕೆ ತಾಗುತ್ತಿತ್ತು, ಆಸ್ಪತ್ರೆಯ ವಾಸನೆ. ಸರಿಸಬೇಕೆಂದುಕೊಂಡೆ, ಸರಿಸಲಿಲ್ಲ. ಕಣ್ಣು ಒರೆಸಿಕೊಂಡಿರದ ಅವಳ ಮುಖವನ್ನು ಪಟ್ಟಂ ಬರುವ ತನಕ ಕೆಳಗಿನಿಂದ ನೋಡುತ್ತ ಕೂತಿದ್ದೆ.